ಡಿ-ಡೈಮರ್ ಜಾಸ್ತಿ ಬಂದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತಾನಾ?

ಕೋವಿಡ್ ಟೈಮಲ್ಲಿ ಡಿ-ಡೈಮರ್ ಅನ್ನೋ ರಕ್ತದ ಟೆಸ್ಟಿನ ಹೆಸರು ಎಲ್ಲರ ಬಾಯಲ್ಲೂ ಓಡಾಡ್ತಿತ್ತು, ಲ್ಯಾಬ್ ರಿಪೋರ್ಟ್ ಫೋಟೋನ ಫ್ಯಾಮಿಲಿ ಗ್ರೂಪಿಗೆ ಹಾಕಿ ನಂದು 900 ಇದೆ ಏನಾಗತ್ತೋ ಅಂತ ಗಾಬರಿ ಬೀಳೋರು. ನಿಜ ಹೇಳ್ಬೇಕಂದ್ರೆ ಈ ಟೆಸ್ಟ್ ಕೆಲಸಕ್ಕೆ ಬರೋದು ಜಾಸ್ತಿ ಬಂದಾಗ ಅಲ್ಲ, ರಿಸಲ್ಟ್ ಕಮ್ಮಿ ಬಂದಾಗ.

ಕಾಲಿನ ಮಾಂಸಖಂಡದ ಒಳಗೆ ಆಳದಲ್ಲಿ ಹೋಗೋ ವೇನ್‌ಗಳಲ್ಲಿ (ರಕ್ತನಾಳಗಳಲ್ಲಿ) ರಕ್ತ ಹೆಪ್ಪುಗಟ್ಟಿದ್ರೆ ಅದಕ್ಕೆ ಡಿವಿಟಿ (ಡೀಪ್ ವೇನ್ ಥ್ರಾಂಬೋಸಿಸ್) ಅಂತಾರೆ, ಆ ಹೆಪ್ಪು ಕಿತ್ಕೊಂಡು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಾಕೊಂಡ್ರೆ ಜೀವಕ್ಕೇ ಅಪಾಯ. ಹೆಪ್ಪುಗಟ್ಟುವಾಗ ಫೈಬ್ರಿನ್ ಅನ್ನೋ ಪ್ರೋಟೀನ್ ಎಳೆಎಳೆಯಾಗಿ ಬಲೆ ಕಟ್ಟತ್ತೆ, ಫ್ಯಾಕ್ಟರ್ 13 ಅನ್ನೋ ಇನ್ನೊಂದು ಪ್ರೋಟೀನ್ ಆ ಎಳೆಗಳಿಗೆ ಗಂಟು ಹಾಕತ್ತೆ, ಆಮೇಲೆ ದೇಹವೇ ಪ್ಲಾಸ್ಮಿನ್ ಅನ್ನೋ ಎಂಜೈಮ್ ಬಿಟ್ಟು ಬಲೇನ ಕತ್ತರಿಸತ್ತೆ, ಆದ್ರೆ ಗಂಟು ಮಾತ್ರ ಬಿಚ್ಚಲ್ಲ. ಡಿ ಅನ್ನೋ ಎರಡು ತುಂಡು ಅಂಟ್ಕೊಂಡೇ ರಕ್ತದಲ್ಲಿ ತೇಲ್ತಿರತ್ತಲ್ಲ, ಅದೇ ಡಿ-ಡೈಮರ್.

ಒಲೇಲಿ ಬೂದಿ ನೋಡಿದ ಹಾಗೆ ಇದು. ಬೂದಿನೇ ಇಲ್ಲ ಅಂದ್ರೆ ಬೆಂಕಿ ಹಚ್ಚಿಲ್ಲ ಅನ್ಬಹುದು, ಬೂದಿ ಇದೆ ಅಂದ್ರೆ ಅನ್ನ ಮಾಡಿದ್ರೋ ಸ್ನಾನಕ್ಕೆ ನೀರು ಕಾಯಿಸಿದ್ರೋ ಯಾರಿಗ್ ಗೊತ್ತು? ಸೋಂಕು, ಆಪರೇಷನ್, ಪೆಟ್ಟು, ಕ್ಯಾನ್ಸರ್ ಇವೆಲ್ಲದರಲ್ಲೂ ಡಿ-ಡೈಮರ್ ಏರತ್ತೆ, ಬಸುರಿಯರಲ್ಲಂತೂ ಏರೋದು ಮಾಮೂಲಿ.

ಹಾಗಂತ ಕಮ್ಮಿ ಬಂತು ಅಂತ ಎಲ್ಲರನ್ನೂ ಮನೆಗೆ ಕಳಿಸೋಕೂ ಆಗಲ್ಲ. ಕೆನಡಾದ ಡಾಕ್ಟರ್ ಫಿಲಿಪ್ ವೆಲ್ಸ್ ಮತ್ತೆ ಅವರ ತಂಡ 1990ರ ದಶಕದಲ್ಲಿ ಡಿವಿಟಿ ಇರೋ ಸಾಧ್ಯತೆ ಎಷ್ಟು ಅಂತ ಅಳೆಯೋಕೆ ಒಂದು ಸ್ಕೋರ್ ಮಾಡಿದ್ರು: ಕ್ಯಾನ್ಸರ್ ಇದ್ಯಾ, ಕಾಲಿಗೆ ಪ್ಲಾಸ್ಟರ್ ಹಾಕಿತ್ತಾ, ಈಚೆಗೆ ದೊಡ್ಡ ಆಪರೇಷನ್ ಆಗಿದ್ಯಾ, ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಜಾಸ್ತಿ ಊದಿದ್ಯಾ (ಇದಕ್ಕೆ ಬೇಕಾಗಿರೋದು ಟೈಲರ್ ಟೇಪ್ ಅಷ್ಟೇ!) ಅಂತೆಲ್ಲ. ಹೌದು ಅಂದಿದ್ದಕ್ಕೆಲ್ಲ ಪಾಯಿಂಟ್ ಸೇರತ್ತೆ, ಬೇರೆ ಕಾರಣಕ್ಕೇ ಕಾಲು ಊದಿರೋ ಹಾಗೆ ಕಂಡ್ರೆ 2 ಪಾಯಿಂಟ್ ಕಳೀತಾರೆ. ಸ್ಕೋರ್ ಕಮ್ಮಿ, ಡಿ-ಡೈಮರೂ ಕಮ್ಮಿ, ಎರಡೂ ಸೇರಿದ್ರೆ ಕಾಲಿನ ರಕ್ತನಾಳ ನೋಡೋ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಡ. 2003ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಡಿ-ಡೈಮರ್ ಮಾಡಿಸಿದ ಗುಂಪಿನ ಶೇಕಡಾ 39 ಜನಕ್ಕೆ ಸ್ಕ್ಯಾನೇ ಬೇಕಾಗ್ಲಿಲ್ಲ. ಸ್ಕೋರ್ ಜಾಸ್ತಿ ಇದ್ರೆ ಮಾತ್ರ ಬರೀ ಡಿ-ಡೈಮರ್ ನಂಬ್ಕೊಂಡು ಕೂರೋ ಹಾಗಿಲ್ಲ, ಆ ಸ್ಕ್ಯಾನ್ (ಡಾಪ್ಲರ್ ಅಂತಾರೆ) ಮಾಡಿಸ್ಲೇಬೇಕು. ಆಗಲೇ ರಕ್ತ ತೆಳುವಾಗೋ ಮಾತ್ರೆ ತಗೋತಿರೋರಲ್ಲಿ ಹೆಪ್ಪು ಇದ್ರೂ ಡಿ-ಡೈಮರ್ ಕಮ್ಮಿ ತೋರಿಸ್ಬಹುದು, ಅದನ್ನ ಡಾಕ್ಟರಿಗೆ ಮರೀದೆ ಹೇಳಿ.

ಇನ್ನು ಜಾಸ್ತಿ-ಕಮ್ಮಿ ಅಂತ ಸಾಮಾನ್ಯವಾಗಿ ಗೆರೆ ಎಳೆಯೋದು 500ಕ್ಕೆ, ಆದ್ರೆ ವಯಸ್ಸಾದ ಹಾಗೆ ಇದು ತಾನಾಗೇ ಏರತ್ತೆ, ಹಾಗಾಗಿ ಎಷ್ಟೋ ಡಾಕ್ಟರುಗಳು 50 ದಾಟಿದವರಿಗೆ ವಯಸ್ಸನ್ನ 10ರಿಂದ ಗುಣಿಸ್ತಾರೆ, 72 ವರ್ಷದ ಅಜ್ಜಿಗೆ 720. ಇದೂ ಎಫ್‌ಇಯು ಅನ್ನೋ ಯೂನಿಟ್ಟಲ್ಲಿ ಮಾತ್ರ, ಕೆಲವು ಲ್ಯಾಬ್‌ಗಳು ಡಿಡಿಯು ಅಂತ ಕೊಡ್ತಾರೆ, ಅದರಲ್ಲಿ ಅದೇ ರಕ್ತಕ್ಕೆ ಸಂಖ್ಯೆ ಹೆಚ್ಚುಕಮ್ಮಿ ಅರ್ಧ ಬರತ್ತೆ, ಅದಕ್ಕೇ ಪಕ್ಕದ ಮನೆಯವರ ರಿಪೋರ್ಟ್ ಜೊತೆ ನಿಮ್ಮದನ್ನ ಇಟ್ಟು ನೋಡೋದ್ರಲ್ಲಿ ಅರ್ಥನೇ ಇಲ್ಲ.