ತಾಮ್ರದ ಬಣ್ಣ ನೋಡಿ ಮದ್ದು ಅಳೆಯಬೇಡಿ

ರವಿವಾರ ರಾತ್ರಿ ಒಂಬತ್ತೂವರೆಗೆ ಫೋನ್ ಬಂತೆಂದರೆ ಅದು ಅಮೆರಿಕದ್ದೇ. ಅಲ್ಲಿ ಆಗ ಬೆಳಗಿನ ಹೊತ್ತು. ನಮ್ಮ ಹುಡುಗರು ಚಹಾ ಕುಡಿದು ಗ್ಯಾರೇಜಿನಲ್ಲಿ ಕಾಡತೂಸು ತುಂಬಲು, ಅಂದರೆ ಹಿತ್ತಾಳೆಯ ಕೇಸಿಗೆ ಬಂದೂಕಿನ ಮದ್ದು ಹಾಕಿ ಬಾಯಿಗೆ ಗುಂಡು ಕೂರಿಸಲು, ಕೂತಿರುತ್ತಾರೆ. ಯಾವ ಗುಂಡಿಗೆ ಎಷ್ಟು ಮದ್ದು ಎಂಬ ಪಟ್ಟಿಯ ಪುಸ್ತಕ ಪಕ್ಕದಲ್ಲಿರುತ್ತದೆ. ಅದರಲ್ಲಿ ಶುರುವಿಗೆ ಒಂದು ಸಣ್ಣ ಅಂಕಿ, ದಾಟಬಾರದ ಒಂದು ದೊಡ್ಡ ಅಂಕಿ. ಸಂಶಯ ಬಂದ ಕೂಡಲೇ ಬೆಳಗಾವಿಯ ಕಾಕಾ ನೆನಪಾಗುತ್ತಾನೆ.

ನಾನು ಫೌಜಿನಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವ, ಆಗಿದ್ದವನು. ಆಮೇಲೆ ಅರಿಜೋನಾದಲ್ಲಿ ಬಂದೂಕು ರಿಪೇರಿ ಅಂಗಡಿಯೊಂದರಲ್ಲಿ 11 ವರ್ಷ ದುಡಿದೆ. ಈಗ ಟಿಳಕವಾಡಿಯಲ್ಲಿ ಮಳೆ ನೋಡುತ್ತಾ ಕೂತಿದ್ದೇನೆ. ಇಲ್ಲಿಯವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಸುಮ್ನೆ ಮನೆಯಲ್ಲಿ ಕೂತು ಕಾಡತೂಸು ತಯಾರಿಸುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಬೆಳೆ ಕಾಯಲು ತೆಗೆದುಕೊಂಡ ಬಂದೂಕಿನ ಲೈಸೆನ್ಸ್ ಇದಕ್ಕೆ ಸಾಲದು. ಖಾನಾಪುರ ಕಡೆ ಹಂದಿ ಕಾಟದಿಂದ ಬೇಸತ್ತವರು ಇದನ್ನು ಓದಿ ಪ್ರಯೋಗಕ್ಕೆ ಇಳಿಯಬೇಡಿ. ನಾನು ಬರೆಯುತ್ತಿರುವುದು ಇದಕ್ಕೆ ಕಾನೂನಿನ ಅಡ್ಡಿಯಿಲ್ಲದ ಊರುಗಳಲ್ಲಿ ಇರುವ ನಮ್ಮ ಹುಡುಗರಿಗೆ.

ಹೋದ ವಾರ ಟೆಕ್ಸಾಸ್‌ನಿಂದ ಅಥಣಿಯ ಹುಡುಗನ ಫೋನ್. 9 ಎಂಎಂ ಪಿಸ್ತೂಲಿನ ಕಾಡತೂಸು ತುಂಬಲು ಕೂತಿದ್ದ. (ಗ್ರೇನ್ ಅಂದರೆ ಗುಂಡು, ಮದ್ದು ತೂಗುವ ಸಣ್ಣ ಅಳತೆ.)

"ಕಾಕಾ, 9 ಎಂಎಂಗೆ 115 ಗ್ರೇನ್ ಗುಂಡು ತಗೊಂಡೀನ್ರಿ. ಜಾಕೆಟ್ ಇದ್ದದ್ದು. ಪುಸ್ತಕದಾಗ ಇರೋ ದೊಡ್ಡ ಅಂಕಿ ಹಾಕಿದ್ರ ನಡೀತೈತ್ರಿ?"

"ಡಬ್ಬಿ ಮ್ಯಾಲ ಏನ್ ಬರದೈತಿ, ಓದು."

ಸ್ವಲ್ಪ ಹೊತ್ತು ಸದ್ದಿಲ್ಲ. "ಪ್ಲೇಟೆಡ್ ಅಂತ ಐತ್ರಿ. ಆದ್ರ ತಾಮ್ರನ ಐತಲ್ರಿ ಕಾಕಾ?"

ಈ "ತಾಮ್ರನ ಐತಲ್ರಿ" ಕೇಳಿ ಕೇಳಿ ನನಗೆ ಸಾಕಾಗಿದೆ. ಓದಿದವರು, ದೊಡ್ಡ ಕೆಲಸದಲ್ಲಿ ಇರುವವರು. ಆದರೂ ಗುಂಡಿನ ಬಣ್ಣ ನೋಡಿ ಪುಸ್ತಕದ ಪುಟ ತೆರೆಯುತ್ತಾರೆ.

ಜಾಕೆಟ್ ಗುಂಡು ಅಂದರೆ ನಮ್ಮ ಕರ್ಚಿಕಾಯಿ ಇದ್ದ ಹಾಗೆ. ತಾಮ್ರಕ್ಕೆ ಸ್ವಲ್ಪ ಸತು ಬೆರೆಸಿದ ಗಟ್ಟಿ ಲೋಹದಿಂದ ಮೊದಲು ಹೊರಗಿನ ಬಟ್ಟಲು ಮಾಡುತ್ತಾರೆ. ಅದರೊಳಗೆ ಸೀಸ ಒತ್ತಿ ತುಂಬುತ್ತಾರೆ. ಪ್ಲೇಟೆಡ್ ಗುಂಡು ಹಾಗಲ್ಲ. ಅದು ಮೊದಲು ಪೂರ್ತಿ ಸೀಸದ ಗುಂಡು, ಅದೂ ಮೆತ್ತನೆ ಸೀಸ. ಅದನ್ನು ದ್ರಾವಣದಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, ಮೇಲೆ ತಾಮ್ರ ಕೂರಿಸುತ್ತಾರೆ. ಆಮೇಲೆ ಅಚ್ಚಿನಲ್ಲಿ ಒತ್ತಿ ಅಳತೆಗೆ ತರುತ್ತಾರೆ. ಆ ತಾಮ್ರ ಬರ್ಫಿಯ ಮೇಲಿನ ಬೆಳ್ಳಿ ವರ್ಖಕ್ಕಿಂತ ದಪ್ಪ, ಒಪ್ಪುತ್ತೇನೆ. ಆದರೆ ಕರ್ಚಿಕಾಯಿಯ ಕಣಕವಂತೂ ಅಲ್ಲ.

ಇನ್ನೂ ತಿಳಿಯಲಿಲ್ಲವಾ? ಖಡೇಬಜಾರಕ್ಕೆ ಹೋಗಿ ಒಂದು ಗ್ರಾಂ ಗೋಲ್ಡ್ ಸರ ತನ್ನಿ. ಅದನ್ನು ಬ್ಯಾಂಕಿನಲ್ಲಿ ಅಡ ಇಟ್ಟು ಅಪ್ಪಟ ಬಂಗಾರದ ಲೆಕ್ಕದಲ್ಲಿ ಸಾಲ ಕೇಳಿ ನೋಡಿ. ಹೊಳಪು ಒಂದೇ, ಅಲ್ವಾ?

ನಳಿಗೆಯೊಳಗೆ ಸುರುಳಿ ಗೀರು ಇರುತ್ತವೆ. ಗುಂಡು ಅವುಗಳಿಗೆ ಕಚ್ಚಿಕೊಂಡು ತಿರುಗುತ್ತಾ ಹೊರಗೆ ಬರಬೇಕು. ಗಟ್ಟಿ ಜಾಕೆಟ್ ಆ ಕಡಿತ ತಾಳುತ್ತದೆ. ತೆಳು ಪದರ ಒಂದು ಮಿತಿಯವರೆಗೆ ತಾಳುತ್ತದೆ, ಆಮೇಲೆ ಹರಿಯುತ್ತದೆ. ಆಗ ನಳಿಗೆಗೆ ಸೀಸ ಮೆತ್ತುತ್ತದೆ, ಗುರಿ ಚೆಲ್ಲಾಪಿಲ್ಲಿ. ಅದಕ್ಕೇ ಸಾಧಾರಣ ಪ್ಲೇಟೆಡ್ ಗುಂಡಿಗೆ ತಯಾರಕರು ಸೆಕೆಂಡಿಗೆ ಸುಮಾರು 1200 ಅಡಿಯ ಆಸುಪಾಸಿನಲ್ಲಿ ವೇಗದ ಮಿತಿ ಹಾಕುತ್ತಾರೆ. ದಪ್ಪ ಪದರದವಕ್ಕೆ ಮಿತಿ ಜಾಸ್ತಿ. ಡಬ್ಬಿಯ ಮೇಲೆ ಇರುವುದೇ ಅಂತಿಮ, ನನ್ನ ಮಾತಲ್ಲ.

ಒತ್ತಡದ ವಿಷಯ? ಜಾಕೆಟ್ ಪಟ್ಟಿ ಬಳಸಿದರೆ ಒತ್ತಡ ಏರಿಯೇ ಏರುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಪಟ್ಟಿಯನ್ನು ಬೇರೆ ಗುಂಡು ಹಾರಿಸಿ ಬರೆದಿದ್ದಾರೆ. ನಿಮ್ಮ ಕೈಯಲ್ಲಿರುವ ಗುಂಡಿನ ಬಗ್ಗೆ ಅದು ಖಾತ್ರಿಯಾಗಿ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಗುಂಡು ಮಾಡಿದವರು ಅಥವಾ ಮದ್ದು ಮಾಡಿದವರು ಅದೇ ಪ್ಲೇಟೆಡ್ ಗುಂಡಿಗೆ ಲೋಡ್ ಡೇಟಾ, ಅಂದರೆ ಮದ್ದಿನ ಪಟ್ಟಿ, ಕೊಟ್ಟಿದ್ದರೆ ಮಾತೇ ಮುಗಿಯಿತು. ಅದರ ಸ್ಟಾರ್ಟಿಂಗ್ ಲೋಡ್, ಅಂದರೆ ಶುರುವಿನ ಸಣ್ಣ ಅಂಕಿ, ಹಿಡಿಯಿರಿ. ಇಲ್ಲದಿದ್ದರೆ ಅದೇ ತೂಕದ, ಹೆಚ್ಚುಕಡಿಮೆ ಅದೇ ಆಕಾರದ ಎರಕದ ಸೀಸದ ಗುಂಡಿನ ಪಟ್ಟಿ ನೋಡಿ. ಅದೂ ಸಿಗದಿದ್ದರೆ ಮಾತ್ರ ಜಾಕೆಟ್ ಪಟ್ಟಿ. ಅಲ್ಲಿಯೂ ಕೆಳಗಿನ ಅಂಕಿಯಿಂದ ಶುರು ಮಾಡಿ, ನಡುವಿನವರೆಗೆ ಮಾತ್ರ ಹೋಗಿ. ಮೇಲಿನ ಅಂಕಿ ನಿಮ್ಮದಲ್ಲ. ಎರಡು ಪುಸ್ತಕ ಎರಡು ಮಾತು ಹೇಳಿದರೆ ಚಿಕ್ಕ ಸ್ಟಾರ್ಟಿಂಗ್ ಅಂಕಿಯಿಂದ ಹೊರಡಿ. ಮದ್ದಿನ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು ಎಂದು ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

"ಅರ್ಧ ಗ್ರೇನ್ ಹೆಚ್ಚಾದ್ರ ಏನಾತ್ರಿ?" ಇದು ಇನ್ನೊಂದು ಪ್ರಶ್ನೆ. ನಮ್ಮ ಹಳೆಯ ಅಕ್ಕಸಾಲಿಗರು ಬಂಗಾರವನ್ನು ಗುಲಗಂಜಿಯಲ್ಲಿ ತೂಗುತ್ತಿದ್ದರು. ಒಂದು ತೊಲಕ್ಕೆ 96 ಗುಲಗಂಜಿ, ಅಂದರೆ 180 ಗ್ರೇನ್. ಹಾಗಾಗಿ ಒಂದು ಗುಲಗಂಜಿ ಎರಡು ಗ್ರೇನಿಗೂ ಸ್ವಲ್ಪ ಕಡಿಮೆ. 9 ಎಂಎಂಗೆ ಬೇಗ ಉರಿಯುವ ಮದ್ದು ಹಾಕುವುದು ಎಷ್ಟೋ ಸಲ ಎರಡೂವರೆ ಗುಲಗಂಜಿ ತೂಕದಷ್ಟೇ. ಅದರಲ್ಲಿ ಅರ್ಧ ಗ್ರೇನ್ ಅಂದರೆ ನೂರಕ್ಕೆ ಹತ್ತು. ಬಹಳ ಪಟ್ಟಿಗಳಲ್ಲಿ ಸ್ಟಾರ್ಟಿಂಗ್ ಲೋಡಿಗೂ ಕೊನೆಯ ಮಿತಿಗೂ ಇರುವ ಅಂತರವೇ ಅಷ್ಟು.

ಹಾಗಂತ ಪಟ್ಟಿಗಿಂತ ಕೆಳಗೂ ಇಳಿಯಬೇಡಿ. ಅರಿಜೋನಾದ ಅಂಗಡಿಗೆ ಒಬ್ಬ ಹಿರಿಯರು .38 ರಿವಾಲ್ವರ್ ತಂದಿದ್ದರು. ಜಾಕೆಟ್ ಗುಂಡಿಗೆ ಸೀಸದ ಪಟ್ಟಿಯ ಹಗುರ ಮದ್ದು, ಅದರಲ್ಲೂ ಇನ್ನಷ್ಟು ಕಡಿಮೆ ಮಾಡಿ ತುಂಬಿದ್ದರು. ಗುಂಡು ನಳಿಗೆಯಲ್ಲೇ ನಿಂತಿತ್ತು. ಅವರಿಗೆ ಗೊತ್ತಾಗದೆ ಮತ್ತೊಂದು ಹಾರಿಸಿದರು. ನಳಿಗೆ ನಡುವೆ ಇಲಿ ನುಂಗಿದ ಹಾವಿನ ಹಾಗೆ ಉಬ್ಬಿತ್ತು. ಅವರಿಗೆ ಗಾಯ ಆಗಿರಲಿಲ್ಲ. "ಬರೀ ಪಟ್ ಅಂತ ಸದ್ದಾಯಿತು" ಎಂದು ಮೂರು ಸಲ ಹೇಳಿದರು. ಆ ಪಟ್ ಕೇಳಿದರೆ ಕೈ ನಿಲ್ಲಬೇಕು. ನಳಿಗೆ ಖಾಲಿ ಇದೆಯಾ ಎಂದು ನೋಡದೆ ಮುಂದೆ ಹೋಗಬಾರದು.

ಗುಂಡು ಎಷ್ಟು ಆಳಕ್ಕೆ ಕೂತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 9 ಎಂಎಂ ಕೇಸ್ ಬಹಳ ಚಿಕ್ಕದು. ಅದರ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್, ಅದೇ .45 ಎಸಿಪಿ ಎಂಬ ಇನ್ನೊಂದು ಪಿಸ್ತೂಲು ಕಾಡತೂಸಿಗೆ 21,000. ಗುಂಡು ಕೂದಲೆಳೆಯಷ್ಟು ಒಳಗೆ ಹೋದರೂ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಚಪ್ಪಟೆ ಮೂತಿಯ ಗುಂಡಿಗೂ ದುಂಡು ಮೂತಿಯದಕ್ಕೂ ತೂಕ ಒಂದೇ ಇದ್ದರೂ ಉದ್ದ ಬೇರೆ. ಪುಸ್ತಕದ ಅಂಕಿಯ ಪಕ್ಕದಲ್ಲಿ ಕಾಡತೂಸಿನ ಒಟ್ಟು ಉದ್ದ ಬರೆದಿರುತ್ತಾರೆ. ಅದನ್ನು ಯಾರೂ ಓದುವುದಿಲ್ಲ.

ಇಷ್ಟೆಲ್ಲ ಹೇಳಿ ಅಥಣಿಯ ಹುಡುಗನಿಗೆ ಕೇಳಿದೆ. "ಈಗಾಗಲೇ ಎಷ್ಟು ತುಂಬೀಯೋ?"

"ಇನ್ನೂರು ರೀ."

"ಬಾಯಿ ಎಷ್ಟು ಬಿಗಿ ಮಾಡೀದಿ?"

"ಗಟ್ಟಿ ಮಾಡೀನ್ರಿ ಕಾಕಾ. ಗುಂಡು ಅಲ್ಲಾಡಬಾರದಲ್ರಿ."

ಒಂದನ್ನು ಬಿಚ್ಚಿ ನೋಡಲು ಹೇಳಿದೆ. ಗುಂಡು ಬಿಡಿಸುವ ಪ್ಲಾಸ್ಟಿಕ್ ಸುತ್ತಿಗೆ ಇರುತ್ತದೆ. ಕಾಡತೂಸನ್ನು ಅದರ ತಲೆಯೊಳಗೆ ಸಿಕ್ಕಿಸಿ ನೆಲಕ್ಕೆ ಕುಟ್ಟಿದರೆ ಗುಂಡು ಕಳಚಿ ಬರುತ್ತದೆ. ಫೋನಿನಲ್ಲಿ ಟಕ್ ಟಕ್ ಕೇಳಿಸಿತು. ಸ್ವಲ್ಪ ಹೊತ್ತಿಗೆ ಫೋಟೋ ಬಂತು. ಗುಂಡಿನ ಸುತ್ತ ತಾಮ್ರದಲ್ಲಿ ಉಂಗುರದಂಥ ಗೀರು, ಗೀರಿನೊಳಗೆ ಬೂದು ಬಣ್ಣದ ಸೀಸ. ಕೇಸಿನ ಬಾಯಿ ಪದರವನ್ನೇ ಕತ್ತರಿಸಿತ್ತು. ಗುಂಡು ಕೂರಿಸಲು ಕೇಸಿನ ಬಾಯಿ ಸ್ವಲ್ಪ ಅಗಲ ಮಾಡಿರುತ್ತಾರೆ. ಅದು ಮತ್ತೆ ನೇರ ಆಗುವಷ್ಟು ಒತ್ತಿದರೆ ಸಾಕಿತ್ತು. ಗುಂಡು ಜಾರುತ್ತದಾ ಎಂದು ನೋಡಲು ಮೂತಿಯನ್ನು ಮೇಜಿಗೆ ಹೆಬ್ಬೆರಳಿನ ಬಲದಲ್ಲಿ ಒತ್ತಿ, ಉದ್ದ ಮತ್ತೆ ಅಳೆಯಬಹುದು.

"ಇನ್ನೂರೂ ಬಿಚ್ಚಬೇಕೇನ್ರಿ ಕಾಕಾ?"

"ಹೂಂ. ಎಲ್ಲಾನೂ."

ನನಗೆ ಊಟಕ್ಕೆ ಕರೆ ಬಂದಿತ್ತು. ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ನಾನು ರೊಟ್ಟಿ ಮುರಿಯುವ ತನಕ ಆ ಕಡೆ ಟಕ್ ಟಕ್ ನಡೆದೇ ಇತ್ತು. ಇಪ್ಪತ್ತೆಂಟರ ತನಕ ಎಣಿಸಿದೆ.