ಮನೆ ಮುಂದೆ ಫೈಬರ್ ಹೋಗಿದೆ, ಪಾಲಿಕೆ ನೆಟ್ ಯಾಕೆ ಕೊಡ್ತಿಲ್ಲ?

ಬೆಳಗಾವಿಯ ಓದುಗರು ಬಿಡದೆ ಕೇಳುವ ಪ್ರಶ್ನೆ ಇದು: "ಸರ್, ಸ್ಮಾರ್ಟ್ ಸಿಟಿಯವರು ನಮ್ಮ ರಸ್ತೆ ಅಗೆದು ಫೈಬರ್ ಹಾಕಿದ್ದಾರೆ. ಪಾಲಿಕೆ ಇಂಜಿನಿಯರ್ ಮನಸ್ಸು ಮಾಡಿದರೆ ಮನೆಗೊಂದು ಲೈನ್ ಕೊಡೋಕೆ ಏನು ಕಷ್ಟ?"

ಹೇಳಿ ಹೇಳಿ ಸಾಕಾಗಿದೆ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಫೈಬರ್ ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ ಅಷ್ಟೇ, ಇಂಟರ್ನೆಟ್ ಅಲ್ಲ. ಓಣಿಯಲ್ಲಿ ಪೈಪ್ ಹಾಕಿದ ಮಾತ್ರಕ್ಕೆ ನೀರು ಬರುತ್ತದಾ? ಹಿಡಕಲ್‌ನಿಂದಲೋ ರಕ್ಕಸಕೊಪ್ಪದಿಂದಲೋ ಬರಬೇಕು ಅಲ್ವಾ? ಇಲ್ಲೂ ಹಾಗೇ. ದೊಡ್ಡ ಜಾಲದಿಂದ ಬ್ಯಾಂಡ್‌ವಿಡ್ತ್ (ಡೇಟಾ ಸಾಗಿಸುವ ಸಾಮರ್ಥ್ಯ) ಕೊಳ್ಳಬೇಕು, ಒಂದು ತುದಿಯಲ್ಲಿ ಬೆಳಕು ಕಳಿಸುವ ಯಂತ್ರ ಬೇಕು, ಒಂದೇ ಎಳೆಯನ್ನು 32 ಅಥವಾ 64 ಮನೆಗೆ ಹಂಚುವ ಸ್ಪ್ಲಿಟರ್ ಓಣಿಯಲ್ಲಿರಬೇಕು, ಆಮೇಲೆ ನಿಮ್ಮ ಮನೆಯಲ್ಲಿ ಆ ಬೆಳಕಿನಿಂದ ನೆಟ್ ಕೊಡುವ ಪೆಟ್ಟಿಗೆ. ಸ್ಮಾರ್ಟ್ ಸಿಟಿಯವರು ಸಿಗ್ನಲ್, ಕ್ಯಾಮೆರಾಗಳಿಗೆ ಎಳೆದ ಲೈನ್‌ನಲ್ಲಿ ಮನೆಗಳಿಗೆ ಹಂಚುವ ಈ ಏರ್ಪಾಡು ಇರುವುದಿಲ್ಲ. ಅದೆಲ್ಲ ಇದ್ದರೂ, ಇಂಟರ್ನೆಟ್ ಮಾರಲು ಕೇಂದ್ರದ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕೇ ಬೇಕು. ಆಯುಕ್ತರ ಸಹಿ ಅದಕ್ಕೆ ಸಾಲುವುದಿಲ್ಲ. "ಪಾಲಿಕೆಯವರು ಕಂಪನಿಯವರ ಹತ್ತಿರ ದುಡ್ಡು ತಿಂದು ತಡೆದಿದ್ದಾರೆ" ಅನ್ನೋ ಮಾತು ಸುಮ್ನೆ ಹಬ್ಬಿದ್ದು. ಕೊಡುವ ಅಧಿಕಾರವೇ ಇಲ್ಲದವರು ತಡೆಯುವುದೇನನ್ನು?

ಹಾಗಂತ ಪಾಲಿಕೆಯವರಿಗೆ ಕೆಲಸವಿಲ್ಲ ಅಂತಲ್ಲ. ಯಾರು ಎಲ್ಲಿ ಅಗೆಯಬೇಕು, ಅಗೆದ ರಸ್ತೆ ಯಾರು ಮುಚ್ಚಬೇಕು, ಇದೆಲ್ಲ ಪಾಲಿಕೆ ರಸ್ತೆಗಳಲ್ಲಿ ಅವರದೇ ಜವಾಬ್ದಾರಿ. 2025ರ ಜನವರಿ 1ರಿಂದ ಜಾರಿಯಾದ ನಿಯಮದಲ್ಲಿ, ಫೈಬರ್ ಹಾಕಲು ಕಂಪನಿ ಕೊಟ್ಟ ಅರ್ಜಿಗೆ 67 ದಿನದೊಳಗೆ ಹೂಂ ಅಥವಾ ಉಹೂಂ ಅನ್ನದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಎಲ್ಲಕ್ಕಿಂತ ದೊಡ್ಡ ಕೆಲಸ ಅಂದರೆ ಹೊಸ ರಸ್ತೆ ಮಾಡುವಾಗಲೇ ಅಡಿಯಲ್ಲಿ ಖಾಲಿ ಡಕ್ಟ್, ಅಂದರೆ ಕೇಬಲ್ ತೂರಿಸುವ ಕೊಳವೆ ಹಾಕಿಸುವುದು. ಆಮೇಲೆ ಯಾವ ಕಂಪನಿ ಬಂದರೂ ಕಾಂಕ್ರೀಟ್ ಒಡೆಯದೆ ಎಳೆ ತೂರಿಸಬಹುದು. ಸ್ವೀಡನ್‌ನ ಸ್ಟಾಕ್‌ಹೋಮ್ ನಗರ 1994ರಲ್ಲೇ ಸ್ಟೋಕಾಬ್ ಅನ್ನೋ ಸ್ವಂತ ಕಂಪನಿ ಮಾಡಿ ನಗರದ ತುಂಬ ಫೈಬರ್ ಹಾಕಿಸಿತು. ಅದು ಕೂಡ ಮನೆಗಳಿಗೆ ಇಂಟರ್ನೆಟ್ ಮಾರುವುದಿಲ್ಲ, ಎಳೆಗಳನ್ನು ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತದೆ. ನಮ್ಮ ಪಾಲಿಕೆಯಿಂದ ಕೇಳಬೇಕಾದ್ದು ಡಕ್ಟನ್ನೇ, ನೆಟ್ ಅನ್ನಲ್ಲ. ನಿಮ್ಮ ವಾರ್ಡಿನ ರಸ್ತೆಗೆ ಟೆಂಡರ್ ಕರೆಯುವ ಮೊದಲೇ ಕಾರ್ಪೊರೇಟರ್ ಹತ್ತಿರ ಹೋಗಿ ಡಕ್ಟ್ ಕೇಳಿ. ಡಾಂಬರು ಬಿದ್ದ ಮೇಲೆ ಜಗಳವಾಡಿ ಪ್ರಯೋಜನವಿಲ್ಲ.

ಇನ್ನು ಕಂಬದ ಮೇಲೆ ಜೋತಾಡುವ ಕೇಬಲ್‌ಗಳ ಮಾತು, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಕರೆಂಟಿನ ಕಂಬ ಹೆಸ್ಕಾಂನದು. ಅದರಿಂದ ಕೇಬಲ್ ಹರಿದು ರಸ್ತೆಗೆ ಬಿದ್ದಿದ್ದರೆ ಹೆಸ್ಕಾಂಗೂ ಕೇಬಲ್ ಕಂಪನಿಗೂ ಫೋನ್ ಮಾಡಿ, ಯಾವ ತಂತಿ ಅಂತ ಮುಟ್ಟಿ ನೋಡಬೇಡಿ. ಕ್ಯಾಂಪ್ ಭಾಗದ ರಸ್ತೆ ದೂರುಗಳನ್ನೂ ಪಾಲಿಕೆಗೆ ಒಯ್ಯಬೇಡಿ, ಅಲ್ಲಿನದು ಕಂಟೋನ್ಮೆಂಟ್ ಬೋರ್ಡ್ ಆಡಳಿತ.