ಒಂದು ದಿನವೂ ಎದೆ ನೋಯಲಿಲ್ಲ, ಹಾಗಿದ್ದರೂ ನಾಲ್ಕನೇ ಹಂತ ಹೇಗೆ?

ಪ್ರಶ್ನೆ: ನಮ್ಮ ಅಮ್ಮನಿಗೆ 62 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಎರಡು ಮೂರು ತಿಂಗಳಿಂದ ಒಣಕೆಮ್ಮು ಇತ್ತು, ಅಷ್ಟೇ. ಎದೆನೋವು ಎಂದು ಒಂದು ದಿನವೂ ಹೇಳಿಲ್ಲ. ಈಗ ಸ್ಕ್ಯಾನ್ ಮಾಡಿಸಿದರೆ ಶ್ವಾಸಕೋಶದ ಕ್ಯಾನ್ಸರ್, ಅದೂ ನಾಲ್ಕನೇ ಹಂತ ಎನ್ನುತ್ತಿದ್ದಾರೆ. ಒಳಗೆ ಇಷ್ಟೆಲ್ಲ ಆಗುವವರೆಗೂ ಗೊತ್ತೇ ಆಗದಿರುವುದು ಹೇಗೆ? ನಾವು ಮೊದಲೇ ಗಮನಿಸಬೇಕಿತ್ತೇ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಇದು ನಿಮ್ಮ ನಿರ್ಲಕ್ಷ್ಯದಿಂದ ಆದದ್ದಲ್ಲ. ಸಮಾಧಾನಕ್ಕಾಗಿ ಹೀಗೆ ಹೇಳುತ್ತಿಲ್ಲ. ತಡವಾಗಿ ಗೊತ್ತಾಗುವುದಕ್ಕೆ ಕಾರಣ ಶ್ವಾಸಕೋಶದ ರಚನೆಯಲ್ಲೇ ಇದೆ.

ಬೆರಳಿಗೆ ಒಂದು ಸಿಬಿರು ಚುಚ್ಚಿದರೂ ನಮಗೆ ತಕ್ಷಣ ತಿಳಿಯುತ್ತದೆ. ಶ್ವಾಸಕೋಶದ ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬೆಳೆದರೂ ತಿಳಿಯದೇ ಹೋಗಬಹುದು, ಏಕೆಂದರೆ ಶ್ವಾಸಕೋಶದ ಒಳಭಾಗದಲ್ಲಿ ನೋವನ್ನು ತಿಳಿಸುವ ನರಗಳು ಇಲ್ಲವೆನ್ನುವಷ್ಟು ಕಡಿಮೆ. ಅಂಥ ನರಗಳಿರುವುದು ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪೊರೆಯಲ್ಲಿ. ಗಡ್ಡೆ ಬೆಳೆದು ಆ ಪೊರೆಯನ್ನೋ ಪಕ್ಕೆಲುಬನ್ನೋ ತಾಗಿದಾಗಲೇ ನೋವು ಶುರು. ಹಾಗಾಗಿ ಎದೆನೋವು ಇಲ್ಲ ಎಂಬುದು ಈ ಕಾಯಿಲೆಯ ಮಟ್ಟಿಗೆ ಏನನ್ನೂ ಹೇಳುವುದಿಲ್ಲ.

ಎರಡನೆಯದು, ಶ್ವಾಸಕೋಶದಲ್ಲಿರುವ ಮೀಸಲು ಶಕ್ತಿ. ಅಲ್ಲಿರುವ ಗಾಳಿಚೀಲಗಳು ಸುಮಾರು 30ರಿಂದ 50 ಕೋಟಿ. ಕಾಯಿಲೆಯ ಕಾರಣಕ್ಕೆ ಒಂದು ಶ್ವಾಸಕೋಶವನ್ನೇ ಪೂರ್ತಿ ತೆಗೆದುಹಾಕಿದ ಮೇಲೂ ಓಡಾಡಿಕೊಂಡಿರುವವರಿದ್ದಾರೆ. ಸ್ವಲ್ಪ ಭಾಗ ಕೆಟ್ಟರೆ ಉಳಿದ ಭಾಗ ಸದ್ದಿಲ್ಲದೆ ಆ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿದರೆ ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸುತ್ತೇವೆ.

ಹಾಗಾದರೆ ಕೆಮ್ಮಾದರೂ ಬೇಗ ಬರಬೇಕಲ್ಲವೇ? ಕೆಮ್ಮನ್ನು ಎಬ್ಬಿಸುವ ನರತುದಿಗಳು ಹೆಚ್ಚಾಗಿ ಇರುವುದು ಗಂಟಲು, ಶ್ವಾಸನಾಳ ಮತ್ತು ಅದರ ದೊಡ್ಡ ಕವಲುಗಳಲ್ಲಿ. ಧೂಮಪಾನ ಮಾಡದವರಲ್ಲಿ ಹೆಚ್ಚಾಗಿ ಕಾಣುವ ಅಡಿನೋಕಾರ್ಸಿನೋಮ ಎಂಬ ಬಗೆ ಸಾಮಾನ್ಯವಾಗಿ ಹುಟ್ಟುವುದು ಶ್ವಾಸಕೋಶದ ಅಂಚಿನ ಕಡೆ, ಆ ದೊಡ್ಡ ನಾಳಗಳಿಂದ ದೂರದಲ್ಲಿ. ಅಲ್ಲಿಂದ ಕೋಶಗಳು ರಕ್ತದ ಮೂಲಕವೋ ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕವೋ ಹೊರಟು ಮೂಳೆ, ಮಿದುಳು, ಲಿವರ್, ಅಡ್ರಿನಲ್ ಗ್ರಂಥಿಗಳನ್ನು ಸೇರಿದ ಮೇಲೆ ಮೊದಲ ಕೆಮ್ಮು ಬರುವುದೂ ಉಂಟು. ನಾಲ್ಕನೇ ಹಂತ ಎಂದರೆ ಇದೇ: ಕ್ಯಾನ್ಸರ್ ಹುಟ್ಟಿದ ಜಾಗ ಬಿಟ್ಟು ದೂರಕ್ಕೆ ಹರಡಿದೆ. ಕೆಲವರಲ್ಲಿ ಕೆಮ್ಮು ಬರುವುದೇ ಇಲ್ಲ. ಸೊಂಟದ ಮೂಳೆ ನೋವಿಗೋ, ಬಿಡದ ತಲೆನೋವಿಗೋ ತೋರಿಸಲು ಹೋದಾಗ ಮೂಲ ಎದೆಯಲ್ಲಿದೆ ಎಂದು ತಿಳಿಯುತ್ತದೆ.

ಈ ಕಾಯಿಲೆ ಎದೆಯಿಂದ ದೂರದಲ್ಲಿ ಸುಳಿವು ಕೊಡುವ ರೀತಿಯನ್ನು ತುಸು ಹತ್ತಿರದಿಂದ ನೋಡಬೇಕು. ಧ್ವನಿಪೆಟ್ಟಿಗೆಗೆ ಹೋಗುವ ಎಡಬದಿಯ ಒಂದು ನರ ನೇರವಾಗಿ ಗಂಟಲಿಗೆ ಹೋಗುವುದಿಲ್ಲ. ಎದೆಯೊಳಕ್ಕೆ ಇಳಿದು, ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲೇರುತ್ತದೆ. ಅಲ್ಲಿರುವ ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಹರಡಿ ಅವು ಊದಿಕೊಂಡರೆ ನರ ಅದುಮಿಹೋಗಿ ಧ್ವನಿ ಒಡೆಯುತ್ತದೆ. ಶೀತವಿಲ್ಲ, ಗಂಟಲು ನೋವಿಲ್ಲ, ಆದರೂ ವಾರಗಟ್ಟಲೆ ದನಿ ಗೊಗ್ಗರು! ಶ್ವಾಸಕೋಶದ ತುತ್ತತುದಿಯಲ್ಲಿ ಬೆಳೆಯುವ ಗಡ್ಡೆ ಭುಜದಿಂದ ತೋಳಿನ ಒಳಬದಿಗೆ ಇಳಿಯುವ ನೋವು ತರುತ್ತದೆ, ಕೆಲವೊಮ್ಮೆ ಅದೇ ಬದಿಯ ಕಣ್ಣುರೆಪ್ಪೆಯೂ ಜೋತುಬೀಳುತ್ತದೆ. ಇಂಥವರು ಭುಜದ ಸವೆತವೆಂದು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿರುತ್ತಾರೆ. ಸಣ್ಣ ಕೋಶದ ಕ್ಯಾನ್ಸರ್ ಎಂಬ ಬಗೆ ದೇಹದ ಹಾರ್ಮೋನುಗಳನ್ನು ಏರುಪೇರು ಮಾಡಿ ರಕ್ತದಲ್ಲಿ ಸೋಡಿಯಂ ಇಳಿಸಬಲ್ಲದು. ಆಗ ಮೊದಲು ಕಾಣುವುದು ಸುಸ್ತು, ಮಂಕು, ಗೊಂದಲ. ಮುಖ ಮತ್ತು ಕತ್ತು ಊದುವುದು, ಬೆರಳತುದಿ ದುಂಡಗೆ ಉಬ್ಬುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕೂಡ ಸುಳಿವುಗಳೇ. ಕಫದಲ್ಲಿ ರಕ್ತ ಕಂಡರಂತೂ, ಅದು ಒಂದೇ ಒಂದು ಸಲವಾದರೂ, ವೈದ್ಯರಿಗೆ ತೋರಿಸಲೇಬೇಕು.

ಎಕ್ಸ್-ರೇ ಬಗ್ಗೆ ಒಂದು ಮಾತು. "ಎಕ್ಸ್-ರೇ ಕ್ಲಿಯರ್ ಇದೆ" ಎಂದ ಕೂಡಲೇ ಮನೆಮಂದಿಯೆಲ್ಲ ನಿರಾಳರಾಗುತ್ತಾರೆ. ಆದರೆ ಲಕ್ಷಣಗಳಿರುವವರಲ್ಲೂ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಮೊದಲ ಎಕ್ಸ್-ರೇಯಲ್ಲಿ ತಪ್ಪಿಹೋಗುತ್ತದೆ. ಹೃದಯದ ನೆರಳಿನ ಹಿಂದೆ, ಕೊರಳೆಲುಬಿನ ಕೆಳಗೆ, ಎದೆ, ಹೊಟ್ಟೆಗಳ ನಡುವಿನ ವಪೆಯ ಮರೆಯಲ್ಲಿ ಗಡ್ಡೆ ಅವಿತಿರಬಹುದು. ಇನ್ನು ಕೆಲವೊಮ್ಮೆ ನೆರಳು ಕಂಡರೂ ಅದನ್ನು ನ್ಯುಮೋನಿಯಾ ಎಂದೋ ಕ್ಷಯ ಎಂದೋ ಭಾವಿಸಿ ಚಿಕಿತ್ಸೆ ಶುರುವಾಗುತ್ತದೆ. ಆ ಊಹೆ ಅನೇಕ ಸಲ ಸರಿಯೇ ಇರುತ್ತದೆ. ಆದರೆ ಔಷಧಿ ಮುಗಿದ ಮೇಲೂ ನೆರಳು ಕರಗದಿದ್ದರೆ, ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೆ, ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿಯನ್ನು (ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದನ್ನು) ಮುಂದೂಡಬಾರದು. ಅಮೂಲ್ಯ ಸಮಯ ಹೆಚ್ಚಾಗಿ ಸೋರಿಹೋಗುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಮೂರು ವಾರ ದಾಟಿದ ಕೆಮ್ಮು, ಅಥವಾ ಹಳೆಯ ಕೆಮ್ಮಿನ ರೀತಿಯೇ ಬದಲಾದದ್ದು, ಯಾರಿಗೇ ಆದರೂ ಪರೀಕ್ಷೆಗೆ ಸಾಕಷ್ಟು ಕಾರಣ.

ಬೀಡಿ, ಸಿಗರೇಟು ಮುಟ್ಟದವರಿಗೆ ಏಕೆ ಬಂತು ಎಂಬ ಸಂಕಟವೂ ನಿಮ್ಮ ಪ್ರಶ್ನೆಯಲ್ಲಿದೆ. ತಂಬಾಕು ಈ ಕ್ಯಾನ್ಸರಿನ ಅತಿದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದೇ ಅಲ್ಲ. ಬೇರೆಯವರು ಬಿಟ್ಟ ಹೊಗೆ, ಒಲೆಯ ಹೊಗೆ, ಕಲ್ನಾರು (ಆಸ್ಬೆಸ್ಟಾಸ್), ನೆಲದಿಂದ ಹೊಮ್ಮುವ ರೇಡಾನ್ ಅನಿಲ ಇವೂ ಕಾರಣಗಳೇ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊರಗಿನ ವಾಯುಮಾಲಿನ್ಯವನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಎಷ್ಟೋ ಜನರಲ್ಲಿ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಒಂದೇ ವರ್ಷ ಸುಮಾರು 25 ಲಕ್ಷ ಜನರಿಗೆ ಈ ಕ್ಯಾನ್ಸರ್ ಬಂತು, ಸುಮಾರು 18 ಲಕ್ಷ ಜನ ತೀರಿಕೊಂಡರು. ಸಿಗರೇಟು ಸೇದಿದವರಾಗಲಿ ಸೇದದವರಾಗಲಿ, ರೋಗಿಯನ್ನು "ನೀನೇ ತಂದುಕೊಂಡೆ" ಎನ್ನುವ ಕಣ್ಣಿನಿಂದ ನೋಡುವುದು ತಪ್ಪು. ಆ ನೋಟಕ್ಕೆ ಹೆದರಿಯೇ ಎಷ್ಟೋ ಜನ ವೈದ್ಯರ ಬಳಿ ಹೋಗದೆ ಉಳಿಯುತ್ತಾರೆ.

ಹಾಗಿದ್ದರೆ ಎಲ್ಲರೂ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬಹುದಲ್ಲ ಎನಿಸಬಹುದು. ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್‌ನಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ಇಳಿದದ್ದು ನಿಜ. ಆದರೆ ಅವರೆಲ್ಲ 55ರಿಂದ 74 ವರ್ಷದ, ದೀರ್ಘಕಾಲ ವಿಪರೀತ ಧೂಮಪಾನ ಮಾಡಿದ್ದವರು. ಅವರಲ್ಲೂ ಅನುಮಾನ ಹುಟ್ಟಿಸಿದ ಸ್ಕ್ಯಾನ್‌ಗಳಲ್ಲಿ ನೂರಕ್ಕೆ 96ರಷ್ಟು ಕೊನೆಗೆ ಕ್ಯಾನ್ಸರ್ ಅಲ್ಲವೆಂದು ತಿಳಿಯಿತು. ಅಪಾಯ ಕಡಿಮೆ ಇರುವವರನ್ನೆಲ್ಲ ಹೀಗೆ ಪರೀಕ್ಷಿಸಿದರೆ ಲಾಭಕ್ಕಿಂತ ಬೇಡದ ಬಯಾಪ್ಸಿ, ಆತಂಕಗಳೇ ಹೆಚ್ಚಾಗುತ್ತವೆ. ನಿಮ್ಮ ಅಮ್ಮನಂಥವರಿಗೆ ಯಾರೂ ಮುಂಚೆಯೇ ಸ್ಕ್ಯಾನ್ ಬರೆದುಕೊಡುತ್ತಿರಲಿಲ್ಲ.

ಈಗ ಮುಂದಿನ ದಾರಿ. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಸುಮಾರು ಶೇ. 85 ಸಣ್ಣ ಕೋಶದ್ದಲ್ಲದ ಬಗೆಯವು. ಅಮ್ಮನದು ಆ ಗುಂಪಿನ ಅಡಿನೋಕಾರ್ಸಿನೋಮ ಆಗಿದ್ದರೆ, ಬಯಾಪ್ಸಿಯ ತುಣುಕಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಜೀನ್ ಬದಲಾವಣೆಗಳ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಇಜಿಎಫ್‌ಆರ್ ಬದಲಾವಣೆಯ ಮಹತ್ವ ಗೊತ್ತಾದದ್ದು 2004ರಲ್ಲಿ. ಧೂಮಪಾನ ಮಾಡದವರಲ್ಲಿ, ಅದರಲ್ಲೂ ಏಷ್ಯಾದ ಮಹಿಳೆಯರಲ್ಲಿ, ಅದು ಹೆಚ್ಚು. ಇದ್ದರೆ ದಿನಕ್ಕೊಂದು ಮಾತ್ರೆಯಿಂದಲೇ ಗಡ್ಡೆ ಕುಗ್ಗುವ, ವರ್ಷಗಳ ಕಾಲ ಹತೋಟಿಯಲ್ಲಿ ಉಳಿಯುವ ಸಾಧ್ಯತೆ ಇದೆ. ಪೂರ್ತಿ ಗುಣವಾಗುತ್ತದೆ ಎಂದು ಹೇಳಿ ನಿಮ್ಮನ್ನು ನಂಬಿಸಲಾರೆ, ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಆದರೆ ಈ ವರದಿ ಬರುವ ಮೊದಲು ಅವಸರದಲ್ಲಿ ಬೇರೆ ಚಿಕಿತ್ಸೆ ಶುರು ಮಾಡಬೇಕೇ ಎಂದು ವೈದ್ಯರೊಂದಿಗೆ ಕುಳಿತು ಮಾತಾಡಿ. ಸ್ಥಿತಿ ತುಂಬಾ ಬಿಗಡಾಯಿಸಿರದಿದ್ದರೆ ಸಾಮಾನ್ಯವಾಗಿ ಕಾಯುವುದೇ ಒಳ್ಳೆಯದು. ಜೀನ್ ಬದಲಾವಣೆ ಸಿಗದಿದ್ದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ, ಕೀಮೋ ಇವೆ.

ನೋವು, ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ತಂಡವನ್ನು ಮೊದಲ ದಿನದಿಂದಲೇ ಕೇಳಿಕೊಳ್ಳಿ. ಅದು ಕೈಚೆಲ್ಲಿದ ಮೇಲಿನ ಮಾತು ಎಂದು ಅನೇಕರು ಹಿಂಜರಿಯುತ್ತಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರಿಗೆ ಚಿಕಿತ್ಸೆಯ ಜೊತೆಗೇ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು. ಬರೀ ಚಿಕಿತ್ಸೆ ಪಡೆದವರಿಗಿಂತ ಸರಾಸರಿಯಲ್ಲಿ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಅವರು ಬದುಕಿದರು ಕೂಡ.

ಕಾಲುಗಳಲ್ಲಿ ಹೊಸದಾಗಿ ಶಕ್ತಿ ಕುಂದುವುದು, ಬೆನ್ನುನೋವಿನ ಜೊತೆ ಮೂತ್ರ ಕಟ್ಟುವುದು, ಫಿಟ್ಸ್, ಎಂದೂ ಇಲ್ಲದ ತಲೆನೋವು ಮತ್ತು ವಾಂತಿ, ಮುಖ ಊದಿಕೊಂಡು ಉಸಿರು ಕಟ್ಟುವುದು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಮ್ಮನನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನುಹುರಿ ಅದುಮಿಕೊಂಡಿದ್ದರೆ ಕೆಲವು ಗಂಟೆಗಳ ತಡವೂ ಶಾಶ್ವತವಾಗಿ ನಡೆಯಲಾಗದಂತೆ ಮಾಡಬಹುದು.